ಗ್ವಾದಲಿ ನಿಮ್ಮ ಮನ್ಯಾಗ ಐತಿ

ಪ್ರಶ್ನೆ: ನಮ್ಮ ಮನಿ ಯಡೂರಾಗ, ಹೊಳಿ ಸನೇಕ. ಮಗ ಬೆಂಗಳೂರಾಗ ಕೆಲಸಕ್ಕ ಇದ್ದಾನ. ಸೊಸಿ ಮಂಗಳೂರ ಕಡೆಯಾಕಿ, ಕೆಥೋಲಿಕ್ ಮನೆತನ. ಈ ಸಲ ಡಿಸೆಂಬರ್ ಸೂಟಿಗೆ ಮೊಮ್ಮಗಳನ್ನ ಕರಕೊಂಡು ಊರಿಗೆ ಬರ್ತೀವಿ ಅಂದಾರ. ತನ್ನ ತವರುಮನಿ ಹಬ್ಬಾ ಬಿಟ್ಟು ನಮ್ಮಲ್ಲಿಗೆ ಬರಾಕತ್ತಾಳ, ಆಕಿಗೆ ಒಂದು ಖೋಲಿ ಬೆಚ್ಚಗ, ಚಂದಾಗಿ ಕ್ರಿಸ್ಮಸ್ಸಿಗೆ ಸಿಂಗಾರ ಮಾಡಿ ಇಡೂಣು ಅಂತ ನನ್ನ ಮನಸು. ಮೊಬೈಲಿನ್ಯಾಗ ನೋಡಿದ್ರ ಬರೇ ಹಿಮಾ, ಗ್ವಾಡ್ಯಾಗ ಬೆಂಕಿ, ಮುಗಿಲೆತ್ತರದ ಗಿಡ. ಅವನ್ನೆಲ್ಲಾ ನಾ ಎಲ್ಲಿಂದ ತರ್ಲಿ? ಮತ್ತ ನಮ್ಮ ಜಗಲಿ ಮ್ಯಾಲೆ ವೀರಭದ್ರ ದೇವರು ಅದಾನ. ಅವಗ ಏನಾರ ಅನಸ್ತೈತೇನ್ರಿ?
– ಓದುಗ ತಾಯಿಯೊಬ್ಬರು, ಯಡೂರು

ಅಕ್ಕಾರೆ, ಮೊದಲು ಆ ಮೊಬೈಲು ತೆಗೆದು ಅತ್ತ ಇಡ್ರಿ. ಅದರಲ್ಲಿ ಕಂಡ ಹಿಮ, ಬೆಂಕಿಗೂಡು ಎಲ್ಲ ಜರ್ಮನಿ, ಇಂಗ್ಲೆಂಡುಗಳ ಚಳಿಗಾಲದ ಸಾಮಾನು. ಯೇಸು ಹುಟ್ಟಿದ ಬೆತ್ಲೆಹೇಮಿನಲ್ಲಿ ಹಿಮ ಬೀಳುವುದು ಅಪರೂಪ. ಆ ಊರು ಸಮುದ್ರಮಟ್ಟದಿಂದ ಸುಮಾರು 775 ಮೀಟರ್ ಎತ್ತರದಲ್ಲಿದೆ. ನಮ್ಮ ಬೆಳಗಾವಿ ಇರುವುದೂ ಹೆಚ್ಚುಕಡಿಮೆ ಅಷ್ಟೇ ಎತ್ತರದಲ್ಲಿ. ಗಿಡ ಸಿಂಗರಿಸುವುದು ಜರ್ಮನರ ಪದ್ಧತಿ. 1848ರಲ್ಲಿ ವಿಕ್ಟೋರಿಯಾ ರಾಣಿಯ ಮನೆಯವರೆಲ್ಲ ಅಂಥ ಗಿಡದ ಸುತ್ತ ನಿಂತ ಚಿತ್ರವೊಂದು ಲಂಡನ್ನಿನ ಸಚಿತ್ರ ವಾರಪತ್ರಿಕೆಯಲ್ಲಿ ಅಚ್ಚಾಯಿತು. ಆಮೇಲೆ ಇಂಗ್ಲಿಷರ ಮನೆಮನೆಗೂ ಗಿಡ ಬಂತು, ಅವರ ಹಿಂದೆ ನಮ್ಮ ದಂಡಿನ ಊರುಗಳಿಗೂ ಬಂತು. ಗಿಡಕ್ಕಿಂತ ಎಷ್ಟೋ ಹಳೆಯದು ಗೋದಲಿ. 1223ರಲ್ಲಿ ಇಟಲಿಯ ಗ್ರೆಚ್ಚೋ ಎಂಬ ಹಳ್ಳಿಯಲ್ಲಿ ಸಂತ ಫ್ರಾನ್ಸಿಸ್ ಒಂದು ಗೋದಲಿಗೆ ಹುಲ್ಲು ತುಂಬಿಸಿ, ಪಕ್ಕದಲ್ಲಿ ನಿಜವಾದ ಎತ್ತು, ಕತ್ತೆ ನಿಲ್ಲಿಸಿ, ಹಳ್ಳಿಯ ಮಂದಿಗೆ ಯೇಸುವಿನ ಹುಟ್ಟನ್ನು ಕಣ್ಣಾರೆ ತೋರಿಸಿದ. ಮಂಗಳೂರಿನ ಕೆಥೋಲಿಕ್ ಮನೆಗಳಲ್ಲಿ ಇವತ್ತಿಗೂ ಹಬ್ಬದ ಜೀವ ಇರುವುದು ಅದರಲ್ಲೇ. ನಿಮ್ಮ ಸೊಸೆ ಅದನ್ನು ಕೊಂಕಣಿಯಲ್ಲಿ ‘ಗೊಟೊ’ ಅಂದಾಳು. ಕನ್ನಡ ಬೈಬಲ್ಲಿನಲ್ಲಿ ಆ ಮಾತು ‘ಗೋದಲಿ’. ನಿಮ್ಮ ಬಾಯಲ್ಲಿ, ನಮ್ಮ ಬಾಯಲ್ಲಿ, ‘ಗ್ವಾದಲಿ’.

ಈಗ ನಿಮ್ಮ ಮನೆಯನ್ನೇ ನೋಡೋಣ. ನಾನು ಬೆಳೆದದ್ದು ರಾಯಬಾಗ ಕಡೆಯ ಹಳ್ಳಿಯ ಅಜ್ಜಿಯ ಮನೆಯಲ್ಲಿ. ತಲಬಾಗಿಲು ದಾಟಿದರೆ ಮೊದಲು ಸಿಗುತ್ತಿದ್ದದ್ದು ದನದ ಹಕ್ಕೆ. ಅಲ್ಲಿಂದ ಎರಡು ಮೆಟ್ಟಿಲು ಮೇಲೆ ಮಂದಿಯ ಪಡಸಾಲೆ. ನಡುವಿನ ಅಂಚಿಗೆ ಗ್ವಾದಲಿ. ರಾತ್ರಿ ನಾವು ಪಡಸಾಲೆಯಲ್ಲಿ ಸಾಲಾಗಿ ಮಲಗಿದರೆ ಎತ್ತುಗಳು ಮೇವು ಮೆಲ್ಲುವ ಸಪ್ಪಳ ಕಿವಿಯ ಪಕ್ಕದಲ್ಲೇ. ಚಳಿಗಾಲದಲ್ಲಿ ಮನೆ ಬೆಚ್ಚಗಿರಲು ಆ ದನಗಳ ಮೈಕಾವೂ ಒಂದು ಕಾರಣ. ನಿಮ್ಮ ಊರಿನ ಹಳೇ ಮನೆಗಳೂ ಹೀಗೇ ಇದ್ದಿರಬೇಕು.

ಪ್ಯಾಲೆಸ್ಟೈನಿನ ಹಳ್ಳಿಮನೆಯೂ ಹೀಗೇ ಇತ್ತು ಅಂದರೆ ನಂಬುತ್ತೀರಾ? ಬಾಗಿಲ ಬಳಿ ತಗ್ಗಿನಲ್ಲಿ ದನ, ಮೇಲಿನ ಕಟ್ಟೆಯ ಮೇಲೆ ಮಂದಿ, ಕಟ್ಟೆಯ ಅಂಚಿನಲ್ಲೇ ಮೇವಿನ ಗುಂಡಿ. ಲೂಕನ ಸುವಾರ್ತೆಯಲ್ಲಿ ಯೇಸುವಿನ ತಾಯಿ ಮರಿಯಳಿಗೂ ಆಕೆಯ ಗಂಡ ಯೋಸೇಫನಿಗೂ ಜಾಗ ಇರಲಿಲ್ಲ ಎಂದದ್ದು ಎಲ್ಲಿ ಅಂತ ಕೇಳಿದರೆ ನಮ್ಮ ಕನ್ನಡ ಬೈಬಲ್ಲು ‘ಛತ್ರ’ ಎನ್ನುತ್ತದೆ. ಗ್ರೀಕ್ ಮೂಲದಲ್ಲಿರುವ ಮಾತು ‘ಕಟಾಲುಮಾ’. ಅದೇ ಲೂಕ ಮುಂದೆ ಯೇಸು ಶಿಷ್ಯರೊಂದಿಗೆ ಕೊನೆಯ ಊಟ ಮಾಡಿದ ಕೋಣೆಗೂ ಅದೇ ಪದ ಹಾಕಿದ್ದಾನೆ. ದುಡ್ಡು ಕೊಟ್ಟು ಇಳಿದುಕೊಳ್ಳುವ ಛತ್ರದ ಮಾತು ಬಂದಾಗ, ಒಳ್ಳೆಯ ಸಮಾರ್ಯದವನ ಕಥೆಯಲ್ಲಿ, ಬೇರೆಯೇ ಪದ ಬಳಸಿದ್ದಾನೆ. ಅದಕ್ಕೇ ಕೆನೆತ್ ಬೈಲಿ ಎಂಬ ವಿದ್ವಾಂಸರು ಹೇಳಿದ್ದು ಹೀಗೆ: ಯೋಸೇಫ, ಮರಿಯಳಿಗೆ ಯಾರೂ ಕದ ಹಾಕಿಕೊಳ್ಳಲಿಲ್ಲ, ಮನೆಯ ಬೀಗರ ಖೋಲಿ ತುಂಬಿತ್ತು, ಆದ್ದರಿಂದ ಮನೆಯವರು ಅವರನ್ನು ತಾವಿರುವ ಪಡಸಾಲೆಗೇ ಕರೆದುಕೊಂಡರು, ಕೂಸನ್ನು ಹತ್ತಿರದ ಗ್ವಾದಲಿಯಲ್ಲಿ ಮಲಗಿಸಿದರು. ಬೈಲಿ ಮಧ್ಯಪ್ರಾಚ್ಯದಲ್ಲೇ ದಶಕಗಳ ಕಾಲ ಬದುಕಿದವರು, ಅವರ ಮಾತನ್ನು ಒಪ್ಪದ ಪಂಡಿತರೂ ಇದ್ದಾರೆ. ಅಜ್ಜಿಯ ಮನೆಯ ಪಡಸಾಲೆಯಲ್ಲಿ ಮಲಗೆದ್ದ ನನಗಂತೂ ಇದು ಸರಿ ಅನಿಸುತ್ತದೆ. ಬಾಣಂತಿಯನ್ನು ಹೊರಗೆ ನಿಲ್ಲಿಸುವ ಹಳ್ಳಿಯನ್ನು ನಾನು ಕಂಡಿಲ್ಲ.

ನಿಮ್ಮ ಖೋಲಿಯ ಸಿಂಗಾರದ ನಡುಗಂಬ ಇದೇ ಇರಲಿ.

ಗ್ವಾದಲಿ ಇನ್ನೂ ಉಳಿದಿದೆಯೋ ಇಲ್ಲವೋ, ನೀವು ಬರೆದಿಲ್ಲ. 2005, 2019, 2021ರ ಕೃಷ್ಣೆಯ ಮಹಾಪೂರಗಳಲ್ಲಿ ಹೊಳೆಸಾಲಿನ ಮಣ್ಣಿನ ಮನೆಗಳು ಎಷ್ಟೋ ಕುಸಿದವು. ಅವುಗಳ ಜಾಗದಲ್ಲಿ ಎದ್ದ ಸ್ಲ್ಯಾಬಿನ ಮನೆಗಳಲ್ಲಿ ದನಕ್ಕೆ ಬೇರೆ ಪತ್ರಾಸಿನ ಶೆಡ್ಡು, ಮಂದಿಗೆ ಬೇರೆ ಹಾಲು. ಹಳೇ ಗ್ವಾದಲಿ ಇದ್ದರೆ ತೊಳೆದು, ಸಗಣಿ ಸಾರಿಸಿ, ಜೋಳದ ಕಣಕಿ ತುಂಬಿ, ಮೇಲೆ ಎತ್ತರದಲ್ಲೊಂದು ದೀಪ ಕಟ್ಟಿ. ಅದಕ್ಕಿಂತ ಹೆಚ್ಚಿನ ಸಿಂಗಾರ ಬೆಂಗಳೂರಿನ ಯಾವ ಮಾಲಿನಲ್ಲೂ ಸಿಗದು. ಇಲ್ಲದಿದ್ದರೆ ಮಣ್ಣಿನಲ್ಲಿ ಮಾಡಿಕೊಳ್ಳಿ. ಮಾಡಲು ಬರುವುದಿಲ್ಲ ಅನ್ನಬೇಡಿ! ಪ್ರತಿವರ್ಷ ಮಣ್ಣೆತ್ತಿನ ಅಮಾಸಿಗೆ ಎರಡು ಎತ್ತು ಮಾಡಿ, ಮುಂದೆ ಪುಟ್ಟ ಗ್ವಾದಲಿ ಇಟ್ಟು ಪೂಜೆ ಮಾಡುವ ಕೈ ನಿಮ್ಮದು. ಅದೇ ಎತ್ತು, ಅದೇ ಗ್ವಾದಲಿ. ಜೂನಿನ ಹಬ್ಬವನ್ನು ಡಿಸೆಂಬರಿನಲ್ಲಿ ಇನ್ನೊಂದು ಸಲ ಮಾಡಿದಂತೆ.

ಒಂದೇ ಎಚ್ಚರಿಕೆ: ಬರೀ ಎರೆಮಣ್ಣು ಒಣಗುವಾಗ ಬಿರಿಯುತ್ತದೆ. ಸಣ್ಣ ಹೊಟ್ಟು ಇಲ್ಲವೆ ಹಿಂಜಿದ ಹತ್ತಿ ಕಲಸಿ ಚೆನ್ನಾಗಿ ತುಳಿದು ನಾದಿರಿ, ನೆರಳಲ್ಲಿ ನಾಲ್ಕೈದು ದಿನ ಆರಲಿ. ಎತ್ತಿನ ಜೊತೆಗೊಂದು ಕತ್ತೆ ಬೇಕು. ಇವೆರಡೂ ಲೂಕನ ಕಥೆಯಲ್ಲಿಲ್ಲ. ಹಳೆಯ ಒಡಂಬಡಿಕೆಯಲ್ಲಿ ಯೆಶಾಯನ ಮೊದಲ ಅಧ್ಯಾಯದ ಎತ್ತು, ಕತ್ತೆ ಮುಂದೆ ಈ ಗೋದಲಿಗೆ ಬಂದು ನಿಂತವು. ಹೋರಿ ಮಾಡಿದ ಮೇಲೆ ಕತ್ತೆ ಮಾಡುವುದು ಕಷ್ಟವೇನಲ್ಲ, ಕೋಡು ಬಿಟ್ಟು ಕಿವಿ ಉದ್ದ ಮಾಡಿದರಾಯಿತು.

ಕುರುಬರ ಗೊಂಬೆಗಳಿಗೆ ಹೆಗಲ ಮೇಲೊಂದು ಕಂಬಳಿ ತುಂಡು ಹಾಕಿ. ಆ ರಾತ್ರಿ ಯೇಸು ಹುಟ್ಟಿದ ಸುದ್ದಿ ಮೊದಲು ತಲುಪಿದ್ದು ಹೊಲದಲ್ಲಿ ಕುರಿ ಕಾಯುತ್ತಿದ್ದವರಿಗೆ. ಡಿಸೆಂಬರಿನಲ್ಲಿ ನಿಮ್ಮ ಸೀಮೆಯ ಹೊಲಗಳಲ್ಲೂ ಗೊಬ್ಬರಕ್ಕೆಂದು ಕುರಿ ತರುಬಿರುತ್ತಾರೆ. ಕುರುಬರು ಕಂಬಳಿ ಹೊದ್ದು, ನಾಯಿ ಕಟ್ಟಿಕೊಂಡು ಬಯಲಲ್ಲೇ ರಾತ್ರಿ ಕಳೆಯುತ್ತಾರೆ. ಮೊಮ್ಮಗಳನ್ನು ಒಂದು ಸಂಜೆ ಅಲ್ಲಿಗೆ ಕರೆದುಕೊಂಡು ಹೋಗಿ ತೋರಿಸಿ. ಬೆಂಗಳೂರಿನಲ್ಲಿ ಹುಟ್ಟಿದ ಹುಡುಗಿಗೆ ಲೂಕನ ಕಥೆ ಹೀಗೆ ಸುಲಭವಾಗಿ ತಿಳಿಯುತ್ತದೆ, ಕುರಿಮರಿ ಎತ್ತಿಕೊಳ್ಳುವ ಸುಖ ಬೇರೆ.

ಹಸಿರಿಗೆ ಏನು ಮಾಡುವುದು? ಮಂಗಳೂರು ಕಡೆ ಗೋದಲಿಯ ಸುತ್ತ ಗದ್ದೆ ತೋರಿಸಲು ಭತ್ತವನ್ನೋ ರಾಗಿಯನ್ನೋ ಮೊದಲೇ ಚಿಪ್ಪುಗಳಲ್ಲಿ ಮೊಳಕೆ ಬರಿಸುತ್ತಾರೆ. ನೀವು ದಸರೆಗೆ ಘಟ ಹಾಕುವವರು. ಮಣ್ಣಿನಲ್ಲಿ ಕಾಳು ಬಿತ್ತಿ ಒಂಬತ್ತು ದಿನ ನೀರು ಚಿಮುಕಿಸಿ ಸಸಿ ಎಬ್ಬಿಸುವುದನ್ನು ನಿಮಗೆ ಯಾರು ಹೇಳಿಕೊಡಬೇಕು? ನಿಪ್ಪಾಣಿ, ಬೆಳಗಾವಿ ಕಡೆಯ ಹುಡುಗರು ದೀಪಾವಳಿಗೆ ಮಣ್ಣಿನ ಕಿಲ್ಲೆ ಕಟ್ಟಿ ಅದರ ಇಳಿಜಾರಿಗೆ ಸಾಸಿವೆ ಬಿತ್ತುವುದೂ ಇದೇ ವಿದ್ಯೆ. ಗೋದಿ ಒಳ್ಳೆಯದು, ನೆಟ್ಟಗೆ ಏಳುತ್ತದೆ. ಘಟದ ಲೆಕ್ಕ ಮಾತ್ರ ಇಲ್ಲಿ ನಡೆಯದು. ಡಿಸೆಂಬರಿನ ಚಳಿಗೆ ಮೊಳಕೆ ನಿಧಾನ, ಹನ್ನೆರಡು ದಿನ ಮುಂಚೆಯೇ ಬಿತ್ತಬೇಕು. ಸುತ್ತಲೂ ಇನ್ನೇನು ಇಡಬೇಕು ಎಂಬುದನ್ನು ಪಕ್ಕದ ಮನೆಯ ಕಿಲ್ಲೆ ಕಟ್ಟುವ ಹುಡುಗರಿಗೆ ಬಿಟ್ಟುಕೊಡಿ. ಅವರ ಬಳಿ ಕಿಲ್ಲೆಯ ಮೇಲೆ ನಿಲ್ಲಿಸುವ ಮಾವಳೆ ಸೈನಿಕರ ಗೊಂಬೆಗಳು ಇರುತ್ತವೆ. ಒಬ್ಬಿಬ್ಬರು ಬೆತ್ಲೆಹೇಮಿಗೂ ಬಂದು ನಿಂತರೆ ಮೊಮ್ಮಗಳೇನೂ ತಕರಾರು ಮಾಡಲಿಕ್ಕಿಲ್ಲ.

ಇನ್ನು ನಕ್ಷತ್ರ. ಕಾರ್ತಿಕ ಮುಗಿದ ಮೇಲೆ ಮಡಚಿ ಅಟ್ಟಕ್ಕೆ ಹಾಕಿದ ಆಕಾಶಬುಟ್ಟಿ ಇದ್ದರೆ ಅದನ್ನೇ ಇಳಿಸಿಕೊಳ್ಳಬಹುದು, ತಪ್ಪಿಲ್ಲ. ಆದರೆ ಕೈಯಾರೆ ಮಾಡಿದ್ದರ ಚೆಂದವೇ ಬೇರೆ, ಮತ್ತು ಕಷ್ಟವಿಲ್ಲ. ಒಂದೇ ಉದ್ದದ ಹತ್ತು ಬಿದಿರು ಕಡ್ಡಿ ಸೀಳಿಸಿಕೊಳ್ಳಿ, ಎರಡಡಿ ಸಾಕು. ಮಕ್ಕಳು ಪಾಟಿಯ ಮೇಲೆ ಕೈ ಎತ್ತದೆ ಬರೆಯುವ ಐದು ಮೂಲೆಯ ಚುಕ್ಕೆಯ ಹಾಗೆ ಐದು ಕಡ್ಡಿ ಜೋಡಿಸಿ ತುದಿಗಳನ್ನು ದಾರದಿಂದ ಬಿಗಿಯಿರಿ. ಇಂಥವೇ ಎರಡು. ಒಂದರ ಮೇಲೊಂದು ಇಟ್ಟು ಐದೂ ತುದಿ ಸೇರಿಸಿ ಕಟ್ಟಿ. ಆಮೇಲೆ ಒಳಗೆ ಕಡ್ಡಿಗಳು ಒಂದನ್ನೊಂದು ದಾಟುವ ಐದು ಕಡೆ ಎರಡು ಚೌಕಟ್ಟಿನ ನಡುವೆ ನಾಲ್ಕು ಇಂಚಿನ ಗುಜ್ಜು ಕೊಟ್ಟರೆ ನಕ್ಷತ್ರ ಹೊಟ್ಟೆ ಉಬ್ಬಿಸಿ ನಿಲ್ಲುತ್ತದೆ. ಪತಂಗದ ಹಾಳೆ, ಮೈದಾ ಅಂಟು. ಹಿಂದೆ ಬಲ್ಬು ಇಳಿಸಲು ಒಂದು ಕಿಂಡಿ ಬಿಡಿ.

ಒಳಗೆ ಸಣ್ಣ ಎಲ್ಇಡಿ ಬಲ್ಬೇ ಇರಲಿ, ಮೇಣದಬತ್ತಿ ಬೇಡವೇ ಬೇಡ. ಹೇಳುವ ಹಕ್ಕು ನನಗಿದೆ. ಒಂಬತ್ತು ವರ್ಷದವಳಿದ್ದಾಗ ಅಜ್ಜಿಯ ಕಣ್ಣುಪಟ್ಟಿ ಬಿಚ್ಚಿಸಲು ಮಿರಜಿಗೆ ಹೋಗಿದ್ದೆವು. ಅಲ್ಲಿಯ ಒಬ್ಬ ನರ್ಸು ನನ್ನ ಕೈಗೆ ಕೆಂಪು ಕಾಗದದ ನಕ್ಷತ್ರ ಕೊಟ್ಟರು, ಡಿಸೆಂಬರಿನ ಕೊನೆ ಇರಬೇಕು. ಊರಿಗೆ ತಂದು, ಒಳಗೆ ಮೇಣದಬತ್ತಿ ಹಚ್ಚಿ, ತೊಲೆಗೆ ಕಟ್ಟಿದೆ. ಐದೇ ನಿಮಿಷ. ನಕ್ಷತ್ರವೂ ಹೋಯಿತು, ತೊಲೆಗೆ ಸಿಕ್ಕಿಸಿದ್ದ ಒಣಮೆಣಸಿನಕಾಯಿಯ ಗೊಂಚಲೂ ಹತ್ತಿತು. ಆ ಘಾಟಿಗೆ ಇಡೀ ಓಣಿ ಕೆಮ್ಮುತ್ತಾ ಹೊರಗೆ ನಿಂತಿತ್ತು. ಪಟ್ಟಿ ಬಿಚ್ಚಿಸಿಕೊಂಡು ಬಂದ ಅಜ್ಜಿಯ ಕಣ್ಣು ಮತ್ತೆ ಎರಡು ದಿನ ಸುರಿಯಿತು.

ಮಿರಜದ ಮಾತು ಬಂತು. ನಮ್ಮ ಸೀಮೆಗೆ ಈ ಹಬ್ಬ ಹೊಸದೇನಲ್ಲ. ಲಂಡನ್ ಮಿಷನ್ನಿನವರು ಬೆಳಗಾವಿಗೆ ಬಂದದ್ದು 1820ರಲ್ಲಿ. ಕೆನಡಾದ ಡಾಕ್ಟರ್ ವಿಲಿಯಂ ವಾನ್‌ಲೆಸ್ ಮಿರಜಿನಲ್ಲಿ ಮಿಷನ್ ದವಾಖಾನೆ ತೆರೆದದ್ದು 1894ರಲ್ಲಿ; ಚಿಕ್ಕೋಡಿ, ರಾಯಬಾಗ, ಅಥಣಿ ಕಡೆಯವರು ಜಡ್ಡು ಜಾಪತ್ತು ಅಂದರೆ ಇವತ್ತಿಗೂ ಮಿರಜದ ದಾರಿ ಹಿಡಿಯುತ್ತಾರೆ. ನಿಮ್ಮ ಗೋಡೆಗೆ ನೇತುಹಾಕಿದ ಮರಾಠಿ ಕ್ಯಾಲೆಂಡರಿನಲ್ಲಿ ಡಿಸೆಂಬರ್ 25ರ ಕೆಳಗೆ ‘ನಾತಾಳ’ ಅಂತ ಇರುತ್ತದೆ ನೋಡಿ. ಹುಟ್ಟು ಎಂಬ ಅರ್ಥದ ಪೋರ್ತುಗೀಜ್ ಮಾತು ಗೋವೆಯಿಂದ ಘಟ್ಟ ಹತ್ತಿ ಬಂದದ್ದು ಅದು.

ಬೆಚ್ಚಗಿನ ಖೋಲಿ ಅಂದಿರಲ್ಲ, ಅದರ ವಿಷಯ. ಅಂಗಡಿಯ ಮಿಂಚುಹಾಳೆಗೆ ದುಡ್ಡು ಸುರಿಯುವ ಮೊದಲು ಟ್ರಂಕು ತೆಗೆಯಿರಿ. ಹಳೇ ಇಳಕಲ್ ಸೀರೆಯ ಟೋಪ್ ತೆನಿ ಸೆರಗು ಕೆಂಪು ಬಿಳಿಯದು. ಕ್ರಿಸ್ಮಸ್ಸಿಗೂ ಅವೇ ಬಣ್ಣ. ಮೇಜಿಗೆ ಅದನ್ನು ಹಾಸಿ. ಗೋದಲಿಯ ಹಿಂದಿನ ಗೋಡೆಗೆ ನಿಮ್ಮ ಕೌದಿಗಳಲ್ಲಿ ಕೆಂಪು, ಹಸಿರು ತುಂಡು ಹೆಚ್ಚಿರುವುದೊಂದನ್ನು ತೂಗುಹಾಕಿ. ಹಾಸಿಗೆಯ ಮೇಲೆ ಇನ್ನೊಂದು, ಕಾಲ ಬುಡಕ್ಕೆ ಕಂಬಳಿ. ಕೌದಿಗೂ ಕ್ರಿಸ್ಮಸ್ಸಿಗೂ ಏನು ಸಂಬಂಧ ಅಂತ ಯಾರಾದರೂ ಕೇಳಿದರೆ ಹಳಿಯಾಳ, ಯಲ್ಲಾಪುರ ಕಡೆಯ ಸಿದ್ದಿಯರ ಮಾತು ಹೇಳಿ. ಅವರಲ್ಲಿ ಹಿಂದೂಗಳು, ಮುಸಲ್ಮಾನರು, ಕ್ರೈಸ್ತರು ಮೂವರೂ ಇದ್ದಾರೆ, ಮೂವರೂ ಕೌದಿ ಹೊಲಿಯುತ್ತಾರೆ. ಕ್ರೈಸ್ತರ ಕೆಲವು ಕೌದಿಗಳಲ್ಲಿ ಚಿಂದಿಯಿಂದಲೇ ಕೂಡಿಸಿದ ಶಿಲುಬೆ ಇರುತ್ತದೆ. ನಿಮ್ಮ ಕೌದಿಯಲ್ಲಿ ಮಗನ ಬಾಲ್ಯದ ಅಂಗಿಯ ತುಂಡು ಸೇರಿದ್ದರೆ ಸೊಸೆಗೆ ಅದನ್ನು ಬೆರಳಿಟ್ಟು ತೋರಿಸುವುದನ್ನು ಮರೆಯಬೇಡಿ.

ಹಿಮದ ಬೆಳ್ಳಗಿನ ಆಸೆ ಇನ್ನೂ ಹೋಗಿಲ್ಲ ಅಂದರೆ ಕಬ್ಬಿನ ಹೂ ತನ್ನಿ. ಹಗಲು ಗಿಡ್ಡವಾಗುವ ಕಾಲಕ್ಕೆ ಕೆಲವು ತಳಿಯ ಕಬ್ಬು ಹೂ ಬಿಡುತ್ತದೆ. ಬೆಳವಣಿಗೆ ನಿಂತಿತು ಅಂತ ರೈತ ಮುಖ ಸಣ್ಣ ಮಾಡಿಕೊಳ್ಳುತ್ತಾನೆ, ಆದರೆ ಆ ಬೆಳ್ಳಿ ತುರಾಯಿಯನ್ನು ಹಿತ್ತಾಳೆ ಕೊಡದಲ್ಲಿ ನಿಲ್ಲಿಸಿದರೆ ಯಾವ ಗಿಡವೂ ಅದರ ಮುಂದೆ ಸೋಲಬೇಕು. ಒಳಗೆ ತರುವ ಮೊದಲು ಅಂಗಳದಲ್ಲಿ ಜಾಡಿಸಿ, ಇಲ್ಲದಿದ್ದರೆ ಪುಕ್ಕ ಖೋಲಿಯೆಲ್ಲ ಹಾರುತ್ತದೆ. ಬಾಗಿಲಿಗೆ ಎಂದಿನ ಮಾವಿನ ತೋರಣ, ಸೇವಂತಿಗೆ ಸರ. ಹೊಸ್ತಿಲ ಮುಂದೆ ರಂಗೋಲಿ.

ಎರಡು ಸಾಮಾನು ಮಾತ್ರ ಬೇಡ. ಒಂದು, ಕಬ್ಬಿನ ರವದಿ. ಗೋದಲಿಗೆ ಗುಡಿಸಲಿನ ಮಾಡು ಮಾಡಲು ಅದು ಲಾಯಕ್ಕು ಅನಿಸುತ್ತದೆ, ಆದರೆ ಕಿಡಿ ಬಿದ್ದರೆ ಅದು ಹೇಗೆ ಉರಿಯುತ್ತದೆ ಅನ್ನುವುದನ್ನು ಕಟಾವಾದ ಗದ್ದೆಯಲ್ಲಿ ನೀವೇ ಕಂಡಿದ್ದೀರಿ. ಹಿಮ ತೋರಿಸಲು ಹತ್ತಿ ಹಿಂಜಿ ಹಾಸುವುದೂ ಅಷ್ಟೇ ಅಪಾಯ. ಸೀರಿಯಲ್ ಸೆಟ್ಟಿನ ಬಿಚ್ಚಿದ ವೈರು ಒಂದು ಸಾಕು. ಕಣಕಿಯನ್ನೂ ದೀಪದಿಂದ ದೂರವೇ ಇಡಿ. ಇನ್ನೊಂದು, ಶೇಗಡಿ. ಮೊಬೈಲಿನ ಬೆಂಕಿಗೂಡು ಕಂಡು ಖೋಲಿಯೊಳಗೆ ಇದ್ದಿಲ ಶೇಗಡಿ ಇಟ್ಟು ಕದ, ಕಿಡಕಿ ಮುಚ್ಚಿ ಮಲಗಿಬಿಟ್ಟೀರಿ! ಇದ್ದಿಲಿನಿಂದ ಹೊರಡುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ, ಹೊಗೆಯಿಲ್ಲ. ನಿದ್ದೆಯಲ್ಲೇ ಜೀವ ತೆಗೆಯುತ್ತದೆ. ಬೆಂಕಿ ಕಾಯಿಸುವುದಿದ್ದರೆ ಅಂಗಳದಲ್ಲಿ, ಎಲ್ಲರೂ ಸುತ್ತ ಕೂತು, ಶೇಂಗಾ ಸುಡುತ್ತಾ.

ತಿನಿಸಿನ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳದೆ ಇರಲಾರೆ. ಮಂಗಳೂರಿನ ಕ್ರೈಸ್ತರು ಹಬ್ಬಕ್ಕೆ ಮಾಡುವ ಬಗೆಬಗೆಯ ತಿಂಡಿಗಳಿಗೆ ‘ಕುಸ್ವಾರ್’ ಎಂಬ ಒಂದೇ ಹೆಸರು. ಅದರಲ್ಲಿ ‘ನೆವ್ರಿ’ ಅಂದರೆ ನಿಮ್ಮ ಕರ್ಚಿಕಾಯಿ. ‘ತುಕ್ಡಿ’ ಅಂದರೆ ಶಂಕರಪಾಳಿಯ ತಂಗಿ. ಚಕ್ಕಲಿ ಅಲ್ಲೂ ಚಕ್ಕುಲಿಯೇ. ದೀಪಾವಳಿಗೆ ಸಾಣಿಗೆ, ಒರಳು ಹಿಡಿದ ಕೈಗೆ ಇನ್ನೊಂದು ಸಲ ಕೆಲಸ ಕೊಟ್ಟರೆ ಡಬ್ಬಿ ಮುಕ್ಕಾಲು ತುಂಬಿತು. ಉಳಿದ ಕಾಲುಭಾಗಕ್ಕೆ ‘ಕಿಡಿಯೊ’ ಮಾಡಲು ಸೊಸೆಯನ್ನೇ ಕೂರಿಸಿ: ಹಿಟ್ಟಿನ ಗುಳಿಗೆಯನ್ನು ಹೊಸ ಬಾಚಣಿಗೆಯ ಮೇಲೋ ಫೋರ್ಕಿನ ಮೇಲೋ ಒತ್ತಿ ಸುರುಳಿ ಸುತ್ತಿ, ಕರಿದು, ಸಕ್ಕರೆ ಪಾಕಕ್ಕೆ ಹಾಕುವುದು. ಹೆಸರಿನ ಅರ್ಥ ಹುಳ ಅಂತ ಗೊತ್ತಾದರೆ ನಿಮ್ಮ ಓಣಿಯ ಮಕ್ಕಳು ಎರಡರಷ್ಟು ತಿನ್ನುತ್ತಾರೆ. ಕುಸ್ವಾರನ್ನು ತಟ್ಟೆಗೆ ಹಾಕಿ ಮುಸುಕಿಟ್ಟು ಅಕ್ಕಪಕ್ಕದ ಮನೆಗೆ ಕಳಿಸುವುದು ಅವರ ಪದ್ಧತಿ. ದೀಪಾವಳಿ ಫರಾಳದ ತಟ್ಟೆ ಓಡಾಡುವ ನಿಮ್ಮ ಓಣಿಗೆ ಆ ದಾರಿ ಗೊತ್ತೇ ಇದೆ.

ಇನ್ನು ವೀರಭದ್ರ ದೇವರ ಮಾತು. ಯಡೂರು ಬೀಗರನ್ನು ಕಾಣದ ಊರೇ? ಕೃಷ್ಣೆಯ ದಂಡೆಯ ವೀರಭದ್ರನ ಗುಡಿಗೆ ಕರ್ನಾಟಕ, ಮಹಾರಾಷ್ಟ್ರ ಎರಡೂ ರಾಜ್ಯಗಳ ಮಂದಿ ಬರುತ್ತಾರೆ, ಯಾವ ಭಾಷೆ, ಯಾವ ಊರು ಅಂತ ಅವನು ಯಾರನ್ನೂ ಕೇಳಿದ್ದಿಲ್ಲ. ಮನೆಗೆ ಬಂದ ಸೊಸೆಯ ಹಬ್ಬಕ್ಕೆ ಅವನು ಮುನಿಯುತ್ತಾನೆ ಅನ್ನುವುದು ನನಗಂತೂ ನಂಬಲಾಗದ ಮಾತು. ಆದರೆ ಗೋದಲಿಯನ್ನು ಜಗಲಿಯ ಮೇಲೆ ಮಾತ್ರ ಇಡಬೇಡಿ. ಕಾರಣ ಮಡಿಯಲ್ಲ, ಮರ್ಯಾದೆ. ಜಗಲಿಯ ಪೂಜೆಗೆ ಅದರದೇ ಹೊತ್ತು, ಅದರದೇ ನೇಮ, ಗೋದಲಿಗೆ ಅದರದು. ಒಂದರ ಮೂಲೆಯಲ್ಲಿ ಇನ್ನೊಂದನ್ನು ತುರುಕಿದರೆ ಎರಡಕ್ಕೂ ಇರಿಸುಮುರಿಸು, ನೋಡುವ ಸೊಸೆಗೆ ಅದಕ್ಕಿಂತ ಹೆಚ್ಚು. ಪಡಸಾಲೆಯಲ್ಲೋ ಅವರು ಮಲಗುವ ಖೋಲಿಯಲ್ಲೋ ಮಣೆ ಹಾಕಿ, ಅದರ ಮೇಲೆ ಇಡಿ, ಯಾರ ಕಾಲೂ ತಾಕದಂತೆ.

ಸೊಸೆಗೆ ಫೋನು ಮಾಡಿ ಎರಡು ವಿಷಯ ಕೇಳಿಕೊಳ್ಳಿ. 24ರ ರಾತ್ರಿಯ ಪೂಜೆಗೆ ಬೆಳಗಾವಿಯ ಫಾತಿಮಾ ಕ್ಯಾಥೆಡ್ರಲ್ಲಿಗೆ ಹೋಗಬೇಕೆಂದರೆ ದಾರಿ ದೂರ, ಗಾಡಿ ಮೊದಲೇ ಹೇಳಿಡಬೇಕು. ಹತ್ತಿರದಲ್ಲಿ ಬೇರೆ ಎಲ್ಲಾದರೂ ಆಗುವುದೋ ಅನ್ನುವುದನ್ನು ಆಕೆಯೇ ವಿಚಾರಿಸಲಿ. ಮತ್ತೊಂದು, ಸಿಂಗಾರವನ್ನು ಎಂದು ಇಳಿಸುವುದು? ಜನವರಿ 6ರವರೆಗೆ, ಮೂವರು ಜ್ಯೋತಿಷಿಗಳು ಕೂಸನ್ನು ನೋಡಲು ಬಂದರೆನ್ನುವ ಹಬ್ಬದ ತನಕ, ಗೋದಲಿ ಇಡುವವರು ಬಹಳ. ಅಷ್ಟರಲ್ಲಿ ಸೊಸೆ ಬೆಂಗಳೂರಿಗೆ ಹೋಗಿರಬಹುದು. ಆದರೂ ಇರಲಿ ಬಿಡಿ, ಸಂಕ್ರಾಂತಿಗೆ ಮನೆ ಸಾರಿಸುವಾಗ ತೆಗೆದರಾಯಿತು.

ಕೊನೆಗೆ ಒಂದು ಬೇಡಿಕೆ. ಎಲ್ಲವನ್ನೂ ನೀವೇ ಮಾಡಿ ಮುಗಿಸಿಬಿಡಬೇಡಿ. ಬಂದವಳು ಬಾಗಿಲಲ್ಲಿ ನಿಂತು ಬೆರಗಾಗಲಿ ಅನ್ನುವ ಆಸೆ ನನಗೆ ತಿಳಿಯುತ್ತದೆ, ಆದರೆ ಹಬ್ಬದಲ್ಲಿ ಕೈಗೆ ಕೆಲಸವಿಲ್ಲದವಳು ಅತಿಥಿಯಾಗಿಯೇ ಉಳಿಯುತ್ತಾಳೆ. 24ರ ರಾತ್ರಿಯವರೆಗೆ ಗೋದಲಿ ಬರಿದೇ ಇರುವುದು, ನಡುರಾತ್ರಿ ಕೂಸನ್ನು ತಂದು ಮಲಗಿಸುವುದು ಆ ಕಡೆಯ ಎಷ್ಟೋ ಮನೆಗಳ ರೂಢಿ. ಗೋದಿಯನ್ನು 12ನೇ ತಾರೀಖಿಗೆ ಬಿತ್ರಿ. ಎತ್ತು, ಕತ್ತೆ, ಕುರುಬರು ನಿಮ್ಮ ಕೈಯಿಂದ ಆಗಲಿ. ಕೂಸಿನ ಬೊಂಬೆ ಮಾತ್ರ ನೀವು ಮಾಡಬ್ಯಾಡ್ರಿ, ಅಕ್ಕಾರೆ. ತವರುಮನೆಯದೊಂದು ಇದ್ದರೆ ತರಲು ಸೊಸೆಗೆ ಈಗಲೇ ಹೇಳಿ ಕಳಸ್ರಿ.